ಒಲೆ ಹಚ್ಚದ ಸಂಜೆ

ನಿಮ್ಮ ಅಜ್ಜ ಜನರ ಹೊಟ್ಟೆಯ ಸದ್ದು ಕೇಳುತ್ತಿದ್ದರು. ಹೀಗೆಂದರೆ ನೀವು ನಗುತ್ತೀರಿ. ಆಗಲೂ ಜನ ನಗುತ್ತಿದ್ದರು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವರು ಎದುರಿಗಿದ್ದಾಗ ಮಾತ್ರ ಡಾಕ್ಟರ್ ಸಾಹೇಬ್ರು. ಬೆನ್ನು ತಿರುಗಿಸಿದರೆ ಹೊಟ್ಟೀ ಡಾಕ್ಟರು. ಅವರಿಗೂ ಅದು ಗೊತ್ತಿತ್ತು. ಅದಕ್ಕೆ ಅವರು ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ.

ನಾನು ಬರೆಯುವವಳಲ್ಲ. ನನ್ನ ತವರೂರು ಸುಳ್ಳದ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೇ ನನ್ನ ಓದು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಈ ವಯಸ್ಸಿನಲ್ಲೂ ನನ್ನ ಬಾಯಿ ಒಣಗುತ್ತದೆ. ಕಾಗದದ ಮುಂದೆ ಹಾಗಾಗುವುದಿಲ್ಲ. ನೀವು ಕಂಡ ಅಜ್ಜ ಆರಾಮ ಕುರ್ಚಿಯಲ್ಲಿ ಕುಳಿತು ಕನ್ನಡಕ ಹುಡುಕುತ್ತಿದ್ದ ಮುದುಕ. ನಾನು ಹೇಳಹೊರಟದ್ದು ಅವರ ಗಡ್ಡ ಇನ್ನೂ ಕಪ್ಪಗಿದ್ದಾಗಿನ ಒಂದು ರಂಜಾನ್ ತಿಂಗಳ ಸಂಗತಿ.

ನಾನು ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರೂ ಉರ್ದು ಆಡುತ್ತಿದ್ದರು. ನನ್ನ ಉರ್ದು ಹಳ್ಳಿಯದು, ಅರ್ಧಕ್ಕರ್ಧ ಕನ್ನಡ ಬೆರೆತದ್ದು. ಬಾಯಿ ತೆರೆದರೆ ನಾದಿನಿಯರು ನಗುತ್ತಿದ್ದರು. ಹಾಗಾಗಿ ಬಾಯಿ ತೆರೆಯುವುದನ್ನೇ ಬಿಟ್ಟೆ. ಅದನ್ನು ಗಮನಿಸಿದವರು ನಿಮ್ಮ ಅಜ್ಜ ಒಬ್ಬರೇ. ಏನೂ ಹೇಳದೆ, ನನ್ನ ಜೊತೆ ಕನ್ನಡ ಆಡತೊಡಗಿದರು. ಅತ್ತೆಗೆ ಇದು ಸೇರುತ್ತಿರಲಿಲ್ಲ. ಆದರೆ ನನ್ನನ್ನು ಬೈಯುವಾಗ ಅವರೂ ಕನ್ನಡಕ್ಕೇ ಬರುತ್ತಿದ್ದರು, ಬೈದದ್ದು ನನಗೆ ಪೂರಾ ತಿಳಿಯಲಿ ಎಂದು.

ಅವರು ಕಲಿತದ್ದು ಮುಂಬಯಿಯಲ್ಲಿ. ಅಲ್ಲಿ ಶರೀರಶಾಸ್ತ್ರ ಹೇಳಿಕೊಡುತ್ತಿದ್ದ ಹಿರಿಯರೊಬ್ಬರು ಇವರನ್ನು ಬಹಳ ಮೆಚ್ಚಿದ್ದರಂತೆ. ಊರಿಗೆ ಹೋಗಿ ನೆಗಡಿ ಜ್ವರಕ್ಕೆ ಔಷಧಿ ಕೊಡುತ್ತ ಕೂಡಬೇಡ, ನನ್ನ ಪ್ರಯೋಗಶಾಲೆಯಲ್ಲೇ ಇರು ಎಂದಿದ್ದರಂತೆ. ಅಷ್ಟರಲ್ಲಿ ಮಾವ ತೀರಿಕೊಂಡರು. ಮನೆಯ ಭಾರ ಹೊರಲು ಇವರು ಹುಬ್ಬಳ್ಳಿಗೆ ಬಂದು ಮುಂಭಾಗದ ಕೋಣೆಯಲ್ಲಿ ದವಾಖಾನೆ ಇಟ್ಟರು. ಬೆಳಿಗ್ಗೆ ರೋಗಿಗಳು. ಮಧ್ಯಾಹ್ನದ ನಂತರ ನಡುಮನೆಯ ಬಾಗಿಲು ಹಾಕಿಕೊಂಡು ಅವರ ನಿಜವಾದ ಕೆಲಸ ನಡೆಯುತ್ತಿತ್ತು.

ಆ ಕೆಲಸವೆಂದರೆ ಹೊಟ್ಟೆ ಮತ್ತು ಕರುಳು ಹೇಗೆ ದುಡಿಯುತ್ತವೆ ಎಂದು ನೋಡುವುದು. ಕಟುಕರ ಓಣಿಯಿಂದ ಆಗತಾನೆ ಕೊಯ್ದ ಕುರಿಯ ಕರುಳು ಬರುತ್ತಿತ್ತು. ಅದರ ಒಂದು ತುಂಡನ್ನು ಉಗುರುಬೆಚ್ಚಗಿನ ಉಪ್ಪುನೀರಿನ ಗಾಜಿನ ಪಾತ್ರೆಯಲ್ಲಿ ಇಳಿಬಿಟ್ಟು, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಡುತ್ತಿದ್ದರು. ಕುರಿ ಸತ್ತಿದ್ದರೂ ಆ ತುಂಡು ತನ್ನಷ್ಟಕ್ಕೆ ಹಿಗ್ಗಿ ಕುಗ್ಗಿ ಮಾಡುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಹೆದರಿ ಕದ ಹಾಕಿಬಿಟ್ಟಿದ್ದೆ. ಅತ್ತೆಯ ಸಿಟ್ಟು ಬೇರೆ ಕಾರಣಕ್ಕೆ. “ಊರ ಮಂದಿ ಬೋಟಿ ತಿನ್ನಾಕ ತರ್ತಾರ, ನನ್ನ ಮಗಾ ನೋಡಾಕ ತರ್ತಾನ” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಶನಿವಾರ ಭಾನುವಾರ ಧಾರವಾಡದಿಂದ ರೈಲು ಹತ್ತಿ ಕಾಲೇಜಿನ ಹುಡುಗರು ಬರುತ್ತಿದ್ದರು. ಮುಂದೆ ಮುಂಬಯಿಗೆ ಹೋಗಿ ಡಾಕ್ಟರಿಕೆ ಓದಬೇಕೆಂದಿದ್ದವರು. ಯಾರು ಬಂದರೂ ಮೊದಲ ದಿನ ಒಂದೇ ರೀತಿ. ಅಂಗಿ ತೆಗೆದು ಚಾಪೆಯ ಮೇಲೆ ಮಲಗಬೇಕು. ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಇವರು ಹುಡುಗನ ಹೊಟ್ಟೆಯ ಮೇಲಿಟ್ಟು, ನಳಿಕೆಗಳನ್ನು ಅವನದೇ ಕಿವಿಗೆ ಕೊಡುತ್ತಿದ್ದರು. ಇನ್ನೊಬ್ಬರ ಹೊಟ್ಟೆಯ ಮೇಲೆ ಕೈ ಇಡುವ ಮೊದಲು ತನ್ನದನ್ನು ಕೇಳಿರಬೇಕು ಎನ್ನುವುದು ಅವರ ಕ್ರಮ.

ಅವರಲ್ಲಿ ಧಾರವಾಡದ ಪಕ್ಕದ ಕೆಲಗೇರಿಯಿಂದ ಬರುತ್ತಿದ್ದವನೊಬ್ಬ ಇದ್ದ. ಲಿಂಗಾಯತರ ಮನೆಯವನು, ತೋಟದವರು. ಕುರಿಯ ಕರುಳು ನೋಡಿದ ದಿನ ಅವನ ಮುಖ ಬಿಳಿಚಿಕೊಂಡಿತ್ತು. ಮುಂದಿನ ವಾರ ಬರುವುದಿಲ್ಲ ಎಂದುಕೊಂಡೆ. ಬಂದ. ಮನೆಗೆ ಮರಳುವಾಗ ಕೆಲಗೇರಿ ಕೆರೆಯಲ್ಲಿ ಮುಳುಗಿ ಎದ್ದು ಒಳಗೆ ಹೋಗುತ್ತೇನೆ, ಅವ್ವ ಏನೂ ಕೇಳುವುದಿಲ್ಲ ಎಂದು ಗೆಳೆಯರಿಗೆ ಹೇಳಿದ್ದು ಪರದೆಯ ಈಚೆ ನನಗೂ ಕೇಳಿಸಿತ್ತು. ಚಳಿಗಾಲದಲ್ಲಿ ಅವನು ಬುಟ್ಟಿ ತುಂಬ ಪೇರಲ ತರುತ್ತಿದ್ದ. ಅವನು ಬಂದಿದ್ದಾನೆ ಎಂದು ಅಡಿಗೆಮನೆಗೆ ಮೊದಲು ಗೊತ್ತಾಗುತ್ತಿದ್ದದ್ದು ಆ ಹಣ್ಣಿನ ವಾಸನೆಯಿಂದ.

ಆಗ ರಂಜಾನ್ ಚಳಿಗಾಲದಲ್ಲಿ ಬರುತ್ತಿತ್ತು. ಇಡೀ ಓಣಿ ರೋಜಾ ಇರುವ ಆ ತಿಂಗಳು ಇವರ ಪಾಲಿಗೆ ಸುಗ್ಗಿ. ನೀರು ಕೂಡ ಇಳಿಯದ ಇಷ್ಟು ಖಾಲಿ ಹೊಟ್ಟೆಗಳು ಮುಂಬಯಿಯ ಯಾವ ಪ್ರಯೋಗಶಾಲೆಗೂ ಸಿಗುವುದಿಲ್ಲ ಎನ್ನುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೊಮ್ಮೆ, ಸಂಜೆ ರೋಜಾ ಬಿಡುವ ಮೊದಲೊಮ್ಮೆ, ನೆರೆಹೊರೆಯ ಕೆಲವು ಗಂಡಸರು ಬಂದು ನಮ್ಮ ಪಡಸಾಲೆಯಲ್ಲಿ ಮಲಗುತ್ತಿದ್ದರು. ಇವರು ಒಬ್ಬೊಬ್ಬರ ಹೊಟ್ಟೆಗೂ ಕಿವಿಗೊಟ್ಟು ಸದ್ದಾದಾಗಲೆಲ್ಲ ಬೆರಳೆತ್ತುವರು. ಪಕ್ಕದಲ್ಲಿ ಕುಳಿತ ಹುಡುಗ ಪಾಟಿಯ ಮೇಲೆ ಗೀಟು ಹಾಕುವನು.

ನಾಲ್ಕು ರಂಜಾನ್ ಹೀಗೆ ನಡೆಯಿತು. ಅದರಿಂದ ಅವರಿಗೆ ಒಂದು ವಿಷಯ ಹೊಳೆದಿತ್ತು, ನನಗೂ ಬಿಡಿಸಿ ಹೇಳಿದ್ದರು. ರೋಜಾ ಶುರುವಾದ ಹೊಸದರಲ್ಲಿ ಹೊಟ್ಟೆ ಮಧ್ಯಾಹ್ನ ಕೂಗುತ್ತದೆ, ಅದು ಹಳೆಯ ಊಟದ ಹೊತ್ತು. ದಿನ ಕಳೆದಂತೆ ಮಧ್ಯಾಹ್ನ ಸುಮ್ಮನಾಗಿ, ಸಂಜೆ ಮಸೀದಿಯ ಬಾಂಗ್ ಆಗುವ ಮುಂಚೆ ಮಾತ್ರ ಕೂಗುತ್ತದೆ. ಎಂದರೆ ಹೊಟ್ಟೆ ಹಳೆಯ ಹೊತ್ತು ಮರೆತು ಹೊಸ ಹೊತ್ತು ಕಲಿಯುತ್ತದೆ. ಮುಂಬಯಿಯ ಆ ಹಿರಿಯರಿಗೆ ಬರೆದಾಗ ಅವರು ಖುಷಿಪಟ್ಟು, ಈದ್ ಆದ ಮೇಲೆ ಅಲ್ಲಿ ಸೇರುವ ವಿದ್ವಾಂಸರ ಸಭೆಯಲ್ಲಿ ಬಂದು ಓದು ಎಂದು ಕರೆದಿದ್ದರು. ಅಲ್ಲಿ ಆ ಮಾತು ಸರಿಯೆಂದು ನಿಂತರೆ ಪ್ರಯೋಗಶಾಲೆಯಲ್ಲಿ ಜಾಗ ಸಿಗುವುದು ಖಂಡಿತ ಎಂದೂ ತಿಳಿಸಿದ್ದರು. ಇವರು ಅದನ್ನು ಎರಡು ಸಲ ಹೇಳಲಿಲ್ಲ. ಆದರೆ ಹೊಸ ಶೇರ್ವಾನಿಗೆ ಬಟ್ಟೆ ತಂದರು. ಇವರು ಬಟ್ಟೆಬರೆಗೆ ಆಸೆಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಆ ಶನಿವಾರದ ಮಾತು. ರಂಜಾನ್ ಅರ್ಧ ಮುಗಿದಿತ್ತು. ಸಂಜೆ ಪಡಸಾಲೆಯಲ್ಲಿ ಐದಾರು ಮಂದಿ ಮಲಗಿದ್ದರು. ನಡುವೆ ನಮ್ಮ ಎದುರು ಮನೆಯ ಕಲಾಯಿಯವನು. ಓಣಿಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವನು, ಬಾಯಿ ಸುಮ್ಮನಿಟ್ಟುಕೊಳ್ಳಲು ಬಾರದವನು. ಅವನ ಹೊಟ್ಟೆಗೆ ಇವರು ಕಿವಿಗೊಟ್ಟಿದ್ದರು. ಕೆಲಗೇರಿಯ ಹುಡುಗ ಪಾಟಿ ಹಿಡಿದಿದ್ದ. ಪರದೆಯ ಈಚೆ ನಾನು ಮೆಣಸಿನಕಾಯಿ ಭಜಿ ಎಣ್ಣೆಗೆ ಬಿಡುತ್ತಿದ್ದೆ.

ಆಗ ಪಡಸಾಲೆಯಲ್ಲಿ ಒಂದು ಸದ್ದಾಯಿತು. ಸ್ಟೆತಸ್ಕೋಪು ಬೇಕಿರಲಿಲ್ಲ, ನನಗೇ ಕೇಳಿಸುವಷ್ಟು ಜೋರಾಗಿ. ಇವರು ಬೆರಳೆತ್ತಿರಬೇಕು.

“ಸಾಹೇಬ್ರ, ಬರಸಬ್ಯಾಡ್ರಿ” ಎಂದ ಕಲಾಯಿಯವನು. “ಇದು ನನ್ನ ಹೊಟ್ಟಿ ಅಲ್ರಿ. ನಿಮ್ಮ ಶಿಷ್ಯಾನ ಹೊಟ್ಟಿ.”

ಎಲ್ಲರೂ ನಕ್ಕರು. ಹುಡುಗ ನಾಚಿ, ತಾನು ಸ್ಟೇಶನ್ ಹತ್ತಿರದ ಖಾನಾವಳಿಯಲ್ಲಿ ಈಗಷ್ಟೇ ಹೊಟ್ಟೆ ತುಂಬ ಉಂಡು ಬಂದಿದ್ದೇನೆ ಎಂದ.

“ಉಂಡಾವನ ಹೊಟ್ಟೀನ ಹಿಂಗ ಕೂಗಿದ್ರ, ನಮ್ಮದು ಎಷ್ಟು ಕೂಗಬೇಕಪಾ?”

ಇನ್ನೊಮ್ಮೆ ನಗು. ಇವರೂ ನಕ್ಕು, ಆ ಗೀಟು ಅಳಿಸಿಬಿಡು ಎಂದರು. ಕೆಲಸ ಮುಂದುವರಿಯಿತು. ಆದರೆ ಆಮೇಲೆ ಎರಡು ಸಲ, ಬೆರಳೆತ್ತಿದೆ ಗೀಟು ಹಾಕು ಎಂದು ಅವರು ಆ ಹುಡುಗನಿಗೆ ಹೇಳಬೇಕಾಯಿತು. ಅವನ ಲಕ್ಷ್ಯ ಪಾಟಿಯ ಮೇಲಿರಲಿಲ್ಲ.

ಮರುದಿನ ಬೆಳಿಗ್ಗೆ ಇವರು ರೋಗಿಯೊಬ್ಬರನ್ನು ನೋಡಲು ಹೋಗಿದ್ದಾಗ ಅವನು ಅಡಿಗೆಮನೆಯ ಪರದೆಯ ಆಚೆ ಬಂದು ನಿಂತ. ಅಲ್ಲಿಯವರೆಗೆ ನಾನು ಆ ಹುಡುಗರಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ.

“ಅಮ್ಮಾರ, ಒಂದು ಕೇಳತೇನ್ರಿ. ರಂಜಾನ್‌ದಾಗ ಮಧ್ಯಾಹ್ನ ಒಲಿ ಹಚ್ಚತೀರೇನ್ರಿ?”

ಇಲ್ಲ ಎಂದೆ. ಮನೆಯ ಮಕ್ಕಳಿಗೆ ನಸುಕಿನ ಸಹರಿಗೆ ಮಾಡಿದ ರೊಟ್ಟಿಯೇ ಮಧ್ಯಾಹ್ನಕ್ಕೂ ಆಗುತ್ತಿತ್ತು. ಸಂಜೆ ಎಣ್ಣೆ ಯಾವಾಗ ಕಾಯಿಸುತ್ತೀರಿ ಎಂದು ಕೇಳಿದ. ಅವರೆಲ್ಲ ಬಂದು ಮಲಗುವ ಹೊತ್ತಿಗೇ ಎಂದೆ. ಅಷ್ಟು ಹೇಳುವುದರಲ್ಲಿ ನನಗೇ ತಿಳಿದುಹೋಯಿತು. ಮಧ್ಯಾಹ್ನ ಓಣಿಯಲ್ಲಿ ಒಲೆಯೇ ಇಲ್ಲ, ಹೊಟ್ಟೆ ಸುಮ್ಮನೆ. ಸಂಜೆ ಮೂಗಿನ ಹತ್ತಿರ ಭಜಿ ಕರಿಯುತ್ತಿರುತ್ತದೆ, ಉಂಡವನ ಹೊಟ್ಟೆಯೂ ಕೂಗುತ್ತದೆ. ಹೊಟ್ಟೆ ಹೊತ್ತು ಕಲಿತದ್ದೋ, ನನ್ನ ಬಾಣಲೆಯ ವಾಸನೆಗೆ ಎದ್ದದ್ದೋ? ರೋಜಾ ಇದ್ದವರಾರಿಗೂ ಇದು ಹೊಳೆದಿರಲಿಲ್ಲ. ಸಂಜೆಯೆಂದರೆ ಆ ವಾಸನೆ ಇರುವುದೇ, ಗಾಳಿಯ ಹಾಗೆ. ಹೊರಗಿನಿಂದ ಉಂಡು ಬಂದವನಿಗೆ ಮಾತ್ರ ಅದು ಬೇರೆಯಾಗಿ ತೋರಿತ್ತು.

ಹುಡುಗ, “ಸಾಹೇಬ್ರ ಮುಂದ ಹೇಳಬ್ಯಾಡ್ರಿ ಅಮ್ಮಾರ. ನಂದ ತಪ್ಪಿರಬೇಕು” ಎಂದು ಹೋದ.

ಆ ದಿನ ಪೂರ್ತಿ ನನಗೆ ಬೇರೆ ಯೋಚನೆಯೇ ಇರಲಿಲ್ಲ. ನಾಲ್ಕು ರಂಜಾನ್ ಅವರು ಮಾಡಿದ ಕೆಲಸ. ಮುಂಬಯಿಯ ಜಾಗ. ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಅರ್ಧ ಹೊಲಿದ ಶೇರ್ವಾನಿ. ಅವರು ಹೋಗಲಿ ಎಂದು ಅವರಿಗಿಂತ ಹೆಚ್ಚು ಆಸೆ ನನಗಿತ್ತು. ಈ ಮನೆ ಬಿಟ್ಟು ಬೇರೆ ಊರಿನಲ್ಲಿ ನಾವಿಬ್ಬರೇ ಕನ್ನಡ ಮಾತಾಡಿಕೊಂಡಿರಬಹುದು ಎಂಬ ಆಸೆ. ಸುಮ್ಮನಿದ್ದರೆ ಆಯಿತು. ಆದರೆ ಖಾನಾವಳಿಯಲ್ಲಿ ಉಂಡು ಬಂದ ಹುಡುಗನಿಗೆ ಹೊಳೆದದ್ದು ಆ ದೊಡ್ಡ ಸಭೆಯಲ್ಲಿ ಇನ್ನಾರಿಗೋ ಹೊಳೆಯದೆ ಇರುತ್ತದೆಯೇ? ಆಗ ತಮ್ಮ ಗುರುಗಳ ಮುಂದೆ ಇವರು ಏನು ಹೇಳಬೇಕು? ಹೇಳಿಬಿಡೋಣ ಎಂದರೆ, ನಿಮ್ಮ ಕೆಲಸದಲ್ಲಿ ತಪ್ಪಿದೆ ಎಂದು ನಾಲ್ಕನೆಯ ಇಯತ್ತೆಯವಳು ಹೇಗೆ ಹೇಳುವುದು? ಆ ಹುಡುಗ ಹೇಳಿದ್ದು ನಿಜವೋ ಅಲ್ಲವೋ ಅದೂ ನನಗೆ ಗೊತ್ತಿರಲಿಲ್ಲ.

ಸಂಜೆ ಅವರೆಲ್ಲ ಬಂದು ಮಲಗಿದರು. ಹುಡುಗ ಪಾಟಿ ಹಿಡಿದು ಕುಳಿತ. ನಾನು ಹಿಟ್ಟು ಕಲಸಿದೆ, ಮೆಣಸಿನಕಾಯಿ ಸೀಳಿದೆ, ಎರಡರ ಮೇಲೂ ತಟ್ಟೆ ಮುಚ್ಚಿದೆ. ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ಅಂದು ಊರಲ್ಲಿರಲಿಲ್ಲ, ಇನ್ನೊಂದು ಮಗ್ಗುಲಲ್ಲಿ ಗೋದಾಮು. ಬೇರೆ ಮನೆಯ ಒಲೆಯ ವಾಸನೆ ನಮ್ಮ ಪಡಸಾಲೆಗೆ ಬರುವಂತಿರಲಿಲ್ಲ.

ಅತ್ತೆ ಬಂದು ತಣ್ಣಗಿದ್ದ ಒಲೆ ನೋಡಿದರು. “ಏನವಾ, ರೋಜಾ ಇದ್ದಾವರಿಗೆ ಹಸೀ ಮೆಣಸಿನಕಾಯಿ ತಿನಸಾಕಿ ಏನು?”

ಹಚ್ಚುತ್ತೇನೆ, ಸ್ವಲ್ಪ ತಡೆಯಿರಿ ಎಂದೆ. ಮೈಯಲ್ಲಿ ಆರಾಮಿಲ್ಲವೇನೋ ಎಂದುಕೊಂಡು ಅವರು ನನ್ನ ಹಣೆ ಮುಟ್ಟಿ ನೋಡಿದರು. ಬೈಯುತ್ತಲೇ ಮುಟ್ಟಿದರು.

ಪಡಸಾಲೆ ನಿಶ್ಶಬ್ದವಾಗಿತ್ತು. ಇವರು ಬಿಲ್ಲೆಯನ್ನು ಅತ್ತಿತ್ತ ಸರಿಸಿದರು, ನಳಿಕೆ ಕಿತ್ತು ಊದಿ ನೋಡಿ ಮತ್ತೆ ಸಿಕ್ಕಿಸಿದರು. “ನಳಿಗಿ ಛಲೋ ಐತ್ರಿ ಸಾಹೇಬ್ರ” ಎಂದ ಕಲಾಯಿಯವನು. “ಹೊಟ್ಟೀನ ನಿದ್ದಿ ಮಾಡಾಕತ್ತೇತಿ.”

ಬಾಂಗ್ ಆಯಿತು. ಅವರೆಲ್ಲ ಖಜೂರ, ನೀರು ತೆಗೆದುಕೊಂಡು ನಮಾಜಿಗೆ ಹೋದರು. ನಮಾಜು ಮುಗಿಸಿ ಇವರು ಅಡಿಗೆಮನೆಗೆ ಬಂದಾಗ ನಾನು ಒಲೆ ಊದುತ್ತಿದ್ದೆ.

“ಇಷ್ಟೊತ್ತಿನ ತನಕಾ ಹಚ್ಚಿದ್ದಿಲ್ಲೇನು?”

“ಇಲ್ರಿ.”

“ಆರಾಮ ಇಲ್ಲೇನು?”

“ಆರಾಮ ಅದೀನ್ರಿ.”

ಅವರು ನನ್ನನ್ನು ನೋಡಿದರು, ಒಲೆಯನ್ನು ನೋಡಿದರು, ಪರದೆಯ ಕಡೆ ತಿರುಗಿದರು. ಅವರಿಗೆ ಆಗಲೇ ತಿಳಿದಿತ್ತು ಎಂದು ನನಗನಿಸುತ್ತದೆ. ಆದರೂ ನಾನು ಹೇಳುವವರೆಗೆ ನಿಂತರು.

“ಆ ಕೆಲಗೇರಿ ಹುಡುಗನ್ನ ಕೇಳ್ರಿ” ಎಂದೆ.

ಪಡಸಾಲೆಯಲ್ಲಿ ಹುಡುಗನನ್ನು ಕೂರಿಸಿ ಕೇಳಿದರು. ಅವನು ತೊದಲುತ್ತ ಎಲ್ಲ ಹೇಳಿದ. ನಾನು ಭಜಿ ಕರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡೆ. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಇವರು ಕೇಳಿದರು. ಆಮೇಲೆ ದನಿ ಏರಿಸದೆ ಇವರು ಹೇಳಿದರು:

“ನಾಳೆ ಡಾಕ್ಟರ್ ಆಗಾವ ನೀ. ರೋಗಿ ಹೊಟ್ಟಿ ಒಂದು ಹೇಳತೇತಿ, ನಿನ್ನಕಿಂತ ದೊಡ್ಡಾವರು ಇನ್ನೊಂದು ಹೇಳತಾರ. ಯಾವದು ಬರಕೋತಿ?”

“ಹೊಟ್ಟಿ ಹೇಳಿದ್ದನ್ರಿ.”

“ಹಂಗಾರ ಪಾಟಿ ತೊಗೋ. ಇವತ್ತಿಂದು ಬರಕೋ.”

ಒಂದು ಸಂಜೆಯದನ್ನು ನಂಬಬಾರದು ಎಂದೂ ಹೇಳಿದರು. ಹುಡುಗನಿಗೆ ಕಾಲೇಜಿನ ರಜೆ ಹತ್ತಿರವಿತ್ತು. ರಂಜಾನ್ ಮುಗಿಯುವವರೆಗೆ ಅವನು ಹುಬ್ಬಳ್ಳಿಯಲ್ಲೇ ಉಳಿದ. ಓಣಿಯಿಂದ ದೂರ, ಅರಳೆ ವ್ಯಾಪಾರದ ಗೆಳೆಯರೊಬ್ಬರ ಗೋದಾಮಿನ ಅಟ್ಟ ಸಿಕ್ಕಿತು. ಸುತ್ತ ಅರಳೆಯ ಅಂಡಿಗೆಗಳು, ಅವುಗಳ ವಾಸನೆ ಬಿಟ್ಟರೆ ಇನ್ನಾವ ವಾಸನೆಯೂ ಇಲ್ಲ, ಸದ್ದೂ ಇಲ್ಲ. ಸಂಜೆ ಸಂಜೆ ಅವರೆಲ್ಲ ಅಲ್ಲಿಗೆ ನಡೆದರು. ಖಾಲಿ ಹೊಟ್ಟೆಯಲ್ಲಿ ನಿಚ್ಚಣಿಕೆ ಹತ್ತಿಸುವುದು ಯಾವ ವೈದ್ಯ ಎಂದು ಕಲಾಯಿಯವನು ಗೊಣಗಿದನಂತೆ. ಈ ಸಲ ಹೊಟ್ಟೆಗೆ ಕಿವಿಗೊಟ್ಟವನು ಹುಡುಗ, ಗೀಟು ಹಾಕಿದವರು ಇವರು. ಹುಡುಗ ತನ್ನ ಪೇರಲದ ಬುಟ್ಟಿಯನ್ನೂ ಮೇಲೆ ಒಯ್ಯಲಿಲ್ಲ, ನಮ್ಮ ಮನೆಯಲ್ಲೇ ಇಟ್ಟು ಹೋಗುತ್ತಿದ್ದ.

ಆ ದಿನಗಳಲ್ಲಿ ಇವರು ಮಾತು ಕಡಿಮೆ ಮಾಡಿದ್ದರು. ನನ್ನ ಮೇಲೆ ಸಿಟ್ಟೇನೋ ಎಂದುಕೊಂಡಿದ್ದೆ. ಈದ್ ಹಿಂದಿನ ದಿನ ಪಾಟಿಯನ್ನು ಹಿತ್ತಲಿಗೆ ತಂದು ತಾವೇ ತೊಳೆಯುತ್ತ ನಿಂತರು. ನಾನು ಪಾತ್ರೆ ಬೆಳಗುತ್ತಿದ್ದೆ. ಅವರೇ ಹೇಳಿದರು. ಅಟ್ಟದ ಮೇಲೆ ಸಂಜೆ ಹೊಟ್ಟೆಗಳು ಕೂಗಲೇ ಇಲ್ಲ ಎನ್ನುವಷ್ಟು ಕಡಿಮೆ ಕೂಗಿದ್ದವು. ಹೊಟ್ಟೆ ಹಳೆಯ ಹೊತ್ತನ್ನು ಮರೆಯುತ್ತದೆ ಎಂಬುದಷ್ಟೇ ಉಳಿಯಿತು, ಹೊಸದನ್ನು ಕಲಿಯುತ್ತದೆ ಎಂಬುದು ಉಳಿಯಲಿಲ್ಲ.

“ಹಂಗಾರ ಮುಂಬಯಿಗೆ ಹೋಗೂದಿಲ್ಲೇನ್ರಿ?”

“ಹೋಗತೇನಿ. ಆ ಹುಡುಗನ್ನೂ ಕರಕೊಂಡು ಹೋಗತೇನಿ. ಉಳದಷ್ಟು ನಾ ಹೇಳತೇನಿ, ಬಿದ್ದದ್ದು ಅಂವಾ ಹೇಳಲಿ.”

ಶೇರ್ವಾನಿ ಈದ್ ದಿನಕ್ಕೆ ತಯಾರಾಗಿ ಬಂತು. ಅದನ್ನೇ ಹಾಕಿಕೊಂಡು ರೈಲು ಹತ್ತಿದರು. ಹುಡುಗನ ಕೈಯಲ್ಲಿ ಅವನ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟಿತ್ತು.

ಮುಂಬಯಿಯಲ್ಲಿ ಆದದ್ದು ಇಷ್ಟು. ಇವರು ಹೇಳಿದ್ದನ್ನು ಸಭೆ ಸುಮ್ಮನೆ ಕೇಳಿತು. ಹುಡುಗ ಎದ್ದು ತನ್ನ ಹೊಟ್ಟೆ ಕೂಗಿದ ಕತೆಯಿಂದ ಶುರುಮಾಡಿದಾಗ ಎಲ್ಲರೂ ನಕ್ಕು, ಆಮೇಲೆ ಕಿವಿಗೊಟ್ಟರಂತೆ. ಬಹಳ ಪ್ರಶ್ನೆ ಬಂದವಂತೆ, ಎಲ್ಲ ಅವನಿಗೇ. ಮುಂದಿನ ವರ್ಷ ಅವನಿಗೆ ಅಲ್ಲಿ ಡಾಕ್ಟರಿಕೆಗೆ ಜಾಗ ಸಿಕ್ಕಿತು. ಕೊನೆಗೆ ಅವನು ಕೂಡ ಹೊಟ್ಟೆಯ ವಿದ್ಯೆಯನ್ನೇ ಹಿಡಿದು, ಅಲ್ಲೇ ಕಲಿಸುವವನಾದ. ಇವರ ಗುರುಗಳು ಮಾತ್ರ ಇವರನ್ನು ಪಕ್ಕಕ್ಕೆ ಕರೆದು, ಇದು ಮೊದಲ ವರ್ಷವೇ ನಿನಗೆ ತೋಚಬೇಕಿತ್ತು ಎಂದರಂತೆ. ಪ್ರಯೋಗಶಾಲೆಯ ಮಾತು ಎತ್ತಲಿಲ್ಲ. ಮುಂದೆಯೂ ಎಂದೂ ಎತ್ತಲಿಲ್ಲ.

ಊರಿಗೆ ಬಂದ ದಿನ ಇದನ್ನೆಲ್ಲ ಇವರು ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಹೇಳಿದರು. ಆ ಹೊಸ್ತಿಲ ಮೇಲೆ ಅವರು ಹಿಂದೆಂದೂ ಕುಳಿತವರಲ್ಲ.

“ಅವತ್ತ ನೀ ಒಲಿ ಹಚ್ಚಿದ್ದಿ ಅಂದ್ರ, ನಾ ಮುಂಬಯಿ ಡಾಕ್ಟರ್ ಆಗಿರತಿದ್ನಿ” ಎಂದರು.

ಚೇಷ್ಟೆಯೋ ನೋವೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಆಮೇಲೆ, ಭಜಿ ಮಾಡು, ಹಸಿವಾಗಿದೆ ಎಂದರು. ಮಾಡಿದೆ. ಅಲ್ಲೇ ಕುಳಿತು ತಿಂದರು.

ನಾವು ಹಳೇ ಹುಬ್ಬಳ್ಳಿಯಲ್ಲೇ ಉಳಿದೆವು. ಹುಡುಗರು ಬರುತ್ತಲೇ ಇದ್ದರು, ಹೋಗಿ ಡಾಕ್ಟರಾಗುತ್ತಲೇ ಇದ್ದರು. ಆದರೆ ಆ ವರ್ಷದಿಂದ ಅವರ ಮೊದಲ ದಿನದ ಪಾಠ ಬದಲಾಯಿತು. ಹೊಸ ಹುಡುಗನಿಗೆ ಮೊದಲು ಹೊಟ್ಟೆ ತುಂಬ ಊಟ ಹಾಕಿಸುತ್ತಿದ್ದರು. ಅಡಿಗೆಮನೆಯ ಪರದೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿಸಿ, ಬಿಲ್ಲೆಯನ್ನು ಹೊಟ್ಟೆಯ ಮೇಲಿಟ್ಟು ನಳಿಕೆಗಳನ್ನು ಅವನ ಕಿವಿಗೆ ಕೊಡುತ್ತಿದ್ದರು. ಏನು ಕೇಳುತ್ತದೆ ಎಂದರೆ ಹುಡುಗ, ಏನೂ ಇಲ್ಲರಿ ಎನ್ನುವನು. ಆಗ ಇವರು ಒಮ್ಮೆ ಕೆಮ್ಮುವರು. ಅದು ನನಗೆ. ನಾನು ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವೆನು. ಆ ಮನೆಯಲ್ಲಿ ನಾನು ಹೇಳಿಕೊಟ್ಟ ಪಾಠ ಅದೊಂದೇ, ಅದಕ್ಕೆ ಮಾತು ಬೇಕಿರಲಿಲ್ಲ. ಚುರ್ ಎಂದು ಎಣ್ಣೆ ಸದ್ದು ಮಾಡಿ ಸ್ವಲ್ಪ ಹೊತ್ತಾಗುವುದರೊಳಗೆ, ಪರದೆಯ ಆಚೆ ಆ ಹುಡುಗ ಬೆರಳೆತ್ತುವನು.